ಎಂಎಲ್ಎ ಪಾರ್ಟಿ ಬಿಟ್ಟ ಮೇಲೆ ನನ್ನ ಓಟು ಎಲ್ಲಿ ಹೋಯ್ತು? ಒಬ್ಬ ಮೇಷ್ಟ್ರ ಪತ್ರಕ್ಕೆ ಉತ್ತರ

ಪ್ರಶ್ನೆ: ಸರ್ ನಮಸ್ಕಾರ. ನಾನು ಸರ್ಕಾರಿ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಮೇಷ್ಟ್ರು, 19 ವರ್ಷದಿಂದ ಮಕ್ಕಳಿಗೆ ಸಂಸತ್ತು, ಶಾಸಕಾಂಗ ಅಂತ ಪಾಠ ಮಾಡ್ತಾ ಇದೀನಿ. ನಮ್ಮ ಕ್ಷೇತ್ರದ ಎಂಎಲ್ಎ 2018ರಲ್ಲಿ ಒಂದು ಪಾರ್ಟಿಯಿಂದ ಗೆದ್ರು, ಮುಂದಿನ ವರ್ಷ ರಾಜೀನಾಮೆ ಕೊಟ್ರು, ಅದೇ ಡಿಸೆಂಬರ್‌ನಲ್ಲಿ ಇನ್ನೊಂದು ಪಾರ್ಟಿಯಿಂದ ನಿಂತು ಮತ್ತೆ ಗೆದ್ದು ಬಂದ್ರು. ನಾನು ಓಟು ಹಾಕಿದ್ದು ಪಾರ್ಟಿ ನೋಡಿ, ಹಾಗಾದ್ರೆ ನನ್ನ ಓಟು ಎಲ್ಲಿ ಹೋಯ್ತು? ಟೀವಿ ಹಾಕಿದ್ರೆ ಸದನದಲ್ಲಿ ಬರೀ ಕೂಗಾಟ. ಶೇ. 36 ಓಟು ತಗೊಂಡೋರು ಆಳ್ತಾರೆ, ಉಳಿದವರ ಓಟಿಗೆ ಬೆಲೆ ಇಲ್ವಾ? ಹೋದ ವಾರ 9ನೇ ಕ್ಲಾಸಿನ ಹುಡುಗ ಎದ್ದು ನಿಂತು "ಸಾರ್, ಒಬ್ಬ ಗಟ್ಟಿ ಲೀಡರ್ ಇದ್ರೆ ಸಾಕಲ್ವಾ, ಈ 224 ಜನಕ್ಕೆ ಸಂಬಳ ಯಾಕೆ" ಅಂದ. ಇಡೀ ಕ್ಲಾಸು ಚಪ್ಪಾಳೆ ಹೊಡೀತು. ನನಗೆ ಉತ್ತರ ಹೊಳೀಲಿಲ್ಲ, ಬೆಲ್ ಆಯ್ತು, ಆಚೆ ಬಂದೆ. ಪಾರ್ಲಿಮೆಂಟರಿ ವ್ಯವಸ್ಥೆ ನಮ್ಮಲ್ಲಿ ನಿಜವಾಗ್ಲೂ ಕೆಲಸ ಮಾಡ್ತಿದ್ಯಾ ಸರ್?

ಉತ್ತರ:

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲು ನಾನು ಎಲ್ಲಿ ಕೂತು ನೋಡಿದವನು ಅಂತ ಹೇಳ್ಬಿಡ್ತೀನಿ. ಶಾಸನಸಭೆಯ ವರದಿ ಶಾಖೆಗೆ ಶೀಘ್ರಲಿಪಿಗಾರನಾಗಿ ಸೇರಿ ಅಲ್ಲೇ ರಿಟೈರ್ ಆದವನು ನಾನು. ಸ್ಪೀಕರ್ ಪೀಠದ ಕೆಳಗೆ, ಸದನದ ನಟ್ಟನಡುವೆ ಒಂದು ಮೇಜು ಇರತ್ತಲ್ಲ, ಅಲ್ಲಿ ಕೂತು ಯಾರು ಏನು ಆಡಿದ್ರೂ ಬರ್ಕೊಳ್ಳೋದು ನಮ್ಮ ಕೆಲಸ. ಕೆಲವೇ ನಿಮಿಷಕ್ಕೆ ಸರದಿ ಬದಲಾಗತ್ತೆ, ಒಬ್ಬರು ಎದ್ದು ಹೋಗಿ ಬರ್ಕೊಂಡಿದ್ದನ್ನ ಟೈಪ್ ಮಾಡೋಷ್ಟರಲ್ಲಿ ಇನ್ನೊಬ್ಬರು ಬಂದು ಕೂತಿರ್ತಾರೆ. ಹಾಗಾಗಿ ನಾನು ಹೇಳೋದೆಲ್ಲ ಆ ಮೇಜಿನ ಮೇಲಿಂದ ಕಂಡಿದ್ದು ಅಂತ ಇಟ್ಕೊಳ್ಳಿ. ನಾನು ಕಂಡ ಘಟನೆ ಹೇಳೋವಾಗ ಯಾವ ವರ್ಷ, ಯಾವ ಸರ್ಕಾರ ಅನ್ನೋದು ಬೇಡ, ಎಲ್ಲರ ಕಾಲದಲ್ಲೂ ಆಗಿದ್ದೇ.

ನಿಮ್ಮ ಪತ್ರದಲ್ಲಿ ನಾಲ್ಕು ಸಂಕಟ ಒಂದಕ್ಕೊಂದು ಸುತ್ಕೊಂಡಿವೆ. ಓಟು ಕಳ್ಳತನ ಆಯ್ತಾ ಅನ್ನೋದು, ಸದನದ ಕೂಗಾಟ, 36 ಪರ್ಸೆಂಟ್ ಲೆಕ್ಕ, ಮತ್ತೆ ಆ ಹುಡುಗ ಕೇಳಿದ ಪ್ರಶ್ನೆ. ಕೂಗಾಟದಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಜನ ಅತಿ ಹೆಚ್ಚು ಬೇಜಾರು ಮಾಡ್ಕೊಳ್ಳೋದು ಅದಕ್ಕೆ, ನನ್ನ ಲೆಕ್ಕದಲ್ಲಿ ಅತಿ ಸಣ್ಣ ಕಾಯಿಲೆ ಅದೇ.

ನಾಲ್ಕೈದು ಜನ ಒಟ್ಟಿಗೆ ಎದ್ದು ಕೂಗಿದ್ರೆ ಯಾರ ಮಾತನ್ನೂ ಬರ್ಕೊಳ್ಳೋಕೆ ಆಗಲ್ಲ. ಆಗ ನಾವು ಕಂಸದಲ್ಲಿ ಒಂದೇ ಪದ ಹಾಕ್ತೀವಿ, "ಗದ್ದಲ" ಅಂತ. ಇಡೀ ದಿನದ ಕಲಾಪದಲ್ಲಿ ಆ ಪದ ಐದಾರು ಕಡೆ ಇರಬಹುದು, ರಾತ್ರಿ ಟೀವಿಯಲ್ಲಿ ಬರೋದು ಆ ಐದಾರು ಕಡೆದು ಮಾತ್ರ. ಬೆಳಗ್ಗೆ ಪ್ರಶ್ನೋತ್ತರದಲ್ಲಿ ಒಬ್ಬ ಶಾಸಕ ತನ್ನ ತಾಲ್ಲೂಕಿನ ಹಾಸ್ಟೆಲ್ ಬಗ್ಗೆ ಕೇಳಿದ್ದು ಬರಲ್ಲ. ಬಾವಿಗೆ, ಅಂದ್ರೆ ಪೀಠದ ಮುಂದಿನ ಜಾಗಕ್ಕೆ, ಇಳಿದು ಧರಣಿ ಕೂರೋದು ಎಲ್ಲಾ ಸಲ ಸರಿ ಅಂತ ನಾನು ಹೇಳ್ತಿಲ್ಲ, ಪೇಪರ್ ಹರಿದು ಎಸೆಯೋದನ್ನ ನೋಡಿ ನನಗೂ ನಾಚಿಕೆ ಆಗಿದೆ. ಆದ್ರೆ ಮಾತಾಡೋಕೆ ಟೈಮ್ ಕೊಡದೇ ಇದ್ದಾಗ ವಿರೋಧ ಪಕ್ಷದ ಕೈಲಿ ಉಳಿಯೋದು ಗಂಟಲು ಒಂದೇ. 2023ರ ಡಿಸೆಂಬರ್ ನೆನಪಿಸ್ಕೊಳ್ಳಿ, ಲೋಕಸಭೆ ರಾಜ್ಯಸಭೆ ಎರಡೂ ಸೇರಿ 146 ಎಂಪಿಗಳು ಸಸ್ಪೆಂಡ್ ಆದ್ರು, ಅದೇ ವಾರ 1860ರ ಐಪಿಸಿ ಅನ್ನೋ ದಂಡ ಸಂಹಿತೆ ಹೋಗಿ ಹೊಸ ಭಾರತೀಯ ನ್ಯಾಯ ಸಂಹಿತೆ ಪಾಸ್ ಆಯ್ತು. 2024ರ ಜುಲೈ 1ರಿಂದ ನಿಮ್ಮೂರ ಸ್ಟೇಷನ್ನಲ್ಲಿ ಎಫ್ಐಆರ್ ಬರೆಯೋದು ಆ ಕಾಯ್ದೆ ಕೆಳಗೆ. ಅವತ್ತು ಜನ ನೋಡಿದ್ದು ಗಲಾಟೆನ, ಖಾಲಿ ಬಿದ್ದ ವಿರೋಧ ಪಕ್ಷದ ಸಾಲುಗಳ ಮುಂದೆ ಓಡಿಹೋದ ಕಾಯ್ದೆನ ನೋಡಿದವರು ಕಮ್ಮಿ.

ಈಗ ನನ್ನ ನಿದ್ದೆ ಕೆಡಿಸಿದ ವಿಷಯ ಹೇಳ್ತೀನಿ. ಒಂದು ಅಧಿವೇಶನದ ಕೊನೇ ಸಂಜೆ. ಊರಿಗೆ ಹೋಗೋ ಆತುರ ಎಲ್ಲರಿಗೂ, ಅರ್ಧ ಸದನ ಖಾಲಿ, ಇದ್ದವರಲ್ಲಿ ಒಬ್ಬರು ಮೊಬೈಲ್ ನೋಡ್ತಾ, ಇನ್ನಿಬ್ಬರು ಮಂತ್ರಿ ಹತ್ರ ಬಗ್ಗಿ ಯಾವುದೋ ಕಾಗದಕ್ಕೆ ಸಹಿ ಹಾಕಿಸ್ಕೊಳ್ತಾ ಇದಾರೆ. ಪೀಠದಿಂದ ಮಾತು ಬರ್ತಿದೆ, "ವಿಧೇಯಕದ ಪರವಾಗಿ ಇರುವವರು ಹೌದು ಎನ್ನಿ, ವಿರೋಧವಾಗಿ ಇರುವವರು ಇಲ್ಲ ಎನ್ನಿ." ನಾಲ್ಕು ಕಡೆಯಿಂದ ಹೌದು. ವಿಧೇಯಕ ಅಂಗೀಕಾರ. ಮುಂದಿನದು. ನನ್ನ ಒಂದೇ ಸರದಿಯಲ್ಲಿ ಮೂರು ವಿಧೇಯಕ ಮುಗಿದವು, ಮೇಷ್ಟ್ರೇ. ಅದರಲ್ಲಿ ಒಂದು ಜಮೀನಿಗೆ ಸಂಬಂಧಪಟ್ಟಿದ್ದು, ಲಕ್ಷಾಂತರ ರೈತರ ಪಹಣಿ ಮುಟ್ಟೋ ಅಂಥದ್ದು. ನನ್ನ ನೋಟ್ ಪುಸ್ತಕದಲ್ಲಿ ಅದಕ್ಕೆ ಬಿದ್ದಿದ್ದು ಅರ್ಧ ಪುಟ. ಗದ್ದಲ ಅನ್ನೋ ಪದ ಅವತ್ತು ಒಂದು ಸಲನೂ ಬರೀಲಿಲ್ಲ. ಅಷ್ಟು ಶಾಂತವಾಗಿ ಇತ್ತು ಸದನ.

ಹಾಗಾಗಿ ವ್ಯವಸ್ಥೆ ಕೆಲಸ ಮಾಡ್ತಿದ್ಯಾ ಅಂತ ಕೇಳಿದ್ರೆ ನನ್ನ ಉತ್ತರ ಇದು: ಸರ್ಕಾರ ಕಟ್ಟೋ, ಕೆಡವೋ ಕೆಲಸ ಅದು ಮಾಡ್ತಿದೆ, ಸರ್ಕಾರನ ಪ್ರಶ್ನೆ ಕೇಳೋ ಕೆಲಸ ವರ್ಷ ವರ್ಷ ಕಮ್ಮಿ ಆಗ್ತಿದೆ. ಎರಡನೇದೇ ಅದರ ಜೀವ.

ಲೆಕ್ಕ ನೋಡಿ. ಮೊದಲನೇ ಲೋಕಸಭೆ ವರ್ಷಕ್ಕೆ ಸರಾಸರಿ 135 ದಿನ ಕೂರ್ತಿತ್ತು, 2019ರಿಂದ 2024ರವರೆಗಿನ 17ನೇ ಲೋಕಸಭೆ ಕೂತಿದ್ದು ವರ್ಷಕ್ಕೆ 55 ದಿನ. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ಇವತ್ತಿಗೂ ಹೆಚ್ಚುಕಮ್ಮಿ 150 ದಿನ ಕೂರತ್ತೆ. ನಮ್ಮ ಕರ್ನಾಟಕದ್ದು ಇನ್ನೂ ಬೇಜಾರಿನ ಕಥೆ, ಯಾಕಂದ್ರೆ ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಲೇಬೇಕು ಅಂತ 2005ರಲ್ಲಿ ನಾವೇ ಕಾಯ್ದೆ ಮಾಡ್ಕೊಂಡಿದೀವಿ. ಬಹುತೇಕ ವರ್ಷ ಆ 60 ಮುಟ್ಟೇ ಇಲ್ಲ, ಯಾವ ಪಾರ್ಟಿ ಇದ್ರೂ. ಕಾಯ್ದೆ ಮಾಡೋ ಮನೆನೇ ತಾನು ಮಾಡಿದ ಕಾಯ್ದೆ ಪಾಲಿಸ್ತಿಲ್ಲ. ಕಮಿಟಿಗಳದ್ದೂ ಅದೇ ಹಾಡು. ಒಂದು ವಿಧೇಯಕನ ಬಿಚ್ಚಿ ನೋಡಿ, ತಜ್ಞರನ್ನ ಕರೆಸಿ, ಎಲ್ಲಾ ಪಾರ್ಟಿಯವರೂ ಕ್ಯಾಮೆರಾ ಇಲ್ಲದ ರೂಮಲ್ಲಿ ಕೂತು ತಿದ್ದೋ ಜಾಗ ಸ್ಥಾಯಿ ಸಮಿತಿ. 15ನೇ ಲೋಕಸಭೆಯಲ್ಲಿ ನೂರಕ್ಕೆ 71 ವಿಧೇಯಕ ಸಮಿತಿಗೆ ಹೋಗಿದ್ವು, 17ನೇದರಲ್ಲಿ 16. 2023ರಲ್ಲಿ ಕೇಂದ್ರದ ಬಜೆಟ್ಟು, ಅಂದಾಜು 45 ಲಕ್ಷ ಕೋಟಿ, ಲೋಕಸಭೆಯಲ್ಲಿ ಚರ್ಚೆನೇ ಇಲ್ಲದೆ ಪಾಸ್ ಆಯ್ತು. ಚರ್ಚೆ ಬಿಟ್ಟು ಪಾಸ್ ಮಾಡಿದ್ರೆ ಏನಾಗತ್ತೆ ಅನ್ನೋದಕ್ಕೆ 2020ರ ಕೃಷಿ ಕಾಯ್ದೆಗಳೇ ಸಾಕ್ಷಿ. ಸಮಿತಿಗೆ ಕಳಿಸಿ ಅಂತ ಕೇಳಿದ್ದನ್ನ ಕಳಿಸಲಿಲ್ಲ, ಚರ್ಚೆ ದೆಹಲಿ ಗಡಿಯ ರಸ್ತೆ ಮೇಲೆ ಒಂದು ವರ್ಷಕ್ಕಿಂತ ಹೆಚ್ಚು ನಡೀತು, ಕೊನೆಗೆ 2021ರ ನವೆಂಬರ್ 29ಕ್ಕೆ ವಾಪಸ್ ತಗೊಂಡಿದ್ದೂ ಚರ್ಚೆ ಇಲ್ಲದೇನೇ.

ಹಾಗಾದ್ರೆ ಆ ಶಾಸಕರು, ಎಂಪಿಗಳು ಯಾಕೆ ಸುಮ್ನಿರ್ತಾರೆ? ಎಲ್ಲರೂ ಸೋಮಾರಿಗಳಾ? ಇಲ್ಲ ಮೇಷ್ಟ್ರೇ, ಇದು ದೊಡ್ಡ ತಪ್ಪು ತಿಳುವಳಿಕೆ. ರಾತ್ರಿ ಲೈಬ್ರರಿಯಲ್ಲಿ ಕೂತು ಓದಿ ಬರೋ ಶಾಸಕರನ್ನ ನಾನು ನೋಡಿದೀನಿ. ಅಂಥ ಒಬ್ಬರು ಒಂದ್ಸಲ ಲಾಬಿಯಲ್ಲಿ ನನ್ನ ಹತ್ರ ನಿಂತು ಹೇಳಿದ್ದು ಇವತ್ತಿಗೂ ಕಿವೀಲಿದೆ, "ಈ ಬಿಲ್ಲು ನಮ್ಮ ಜಿಲ್ಲೆಗೆ ಮಾರಕ, ಓದಿದೀನಿ, ಗೊತ್ತು, ಆದ್ರೆ ವಿಪ್ ಇದೆ ರೀ." ಆಮೇಲೆ ಒಳಗೆ ಹೋಗಿ ಹೌದು ಅಂದ್ರು. ನಾನು ಅದನ್ನೂ ಬರ್ಕೊಂಡೆ.

ವಿಪ್ ಅಂದ್ರೆ ಹಿಂಗೇ ಓಟು ಹಾಕ್ಬೇಕು ಅಂತ ಪಾರ್ಟಿ ತನ್ನ ಶಾಸಕರಿಗೆ ಕೊಡೋ ಆದೇಶ. ಅದಕ್ಕೆ ಇಷ್ಟು ಬಲ ಎಲ್ಲಿಂದ ಬಂತು ಅನ್ನೋದು ನಿಮ್ಮ ಓಟಿನ ಪ್ರಶ್ನೆಗೂ ಸೇರತ್ತೆ. 1967ರಲ್ಲಿ ಹರಿಯಾಣದ ಗಯಾ ಲಾಲ್ ಅನ್ನೋ ಶಾಸಕರು ಎರಡು ವಾರದಲ್ಲಿ ಮೂರು ಸಲ ಪಾರ್ಟಿ ಬದಲಾಯಿಸಿದ್ರು, "ಆಯಾ ರಾಮ್ ಗಯಾ ರಾಮ್" ಅನ್ನೋ ಮಾತು ಹುಟ್ಟಿದ್ದು ಅವರಿಂದ. ಆ ಕಾಲದಲ್ಲಿ ರಾಜ್ಯ ಸರ್ಕಾರಗಳು ಹಿಂಗೇ ಉರುಳ್ತಿದ್ವು. 1985ರಲ್ಲಿ 52ನೇ ತಿದ್ದುಪಡಿ ತಂದು ಸಂವಿಧಾನಕ್ಕೆ 10ನೇ ಅನುಸೂಚಿ ಸೇರಿಸಿದ್ರು, ಅದೇ ಪಕ್ಷಾಂತರ ನಿಷೇಧ ಕಾಯ್ದೆ. ತಾನಾಗೇ ಪಾರ್ಟಿ ಬಿಟ್ರೆ ಅಥವಾ ವಿಪ್ ಮೀರಿ ಓಟು ಹಾಕಿದ್ರೆ, ಗೈರಾದ್ರೂ ಸರಿ, ಶಾಸಕತ್ವ ಹೋಗತ್ತೆ. ಮೊದಲು ಮೂರನೇ ಒಂದು ಭಾಗ ಒಟ್ಟಿಗೆ ಹೋದ್ರೆ ಮಾಫಿ ಇತ್ತು, 2003ರ 91ನೇ ತಿದ್ದುಪಡಿ ಅದನ್ನ ತೆಗೀತು. ಮೂರನೇ ಎರಡು ಭಾಗ ಇನ್ನೊಂದು ಪಾರ್ಟಿ ಜೊತೆ ವಿಲೀನ ಆದ್ರೆ ಮಾತ್ರ ಇವತ್ತಿಗೂ ರಕ್ಷಣೆ ಇದೆ, 2019ರಲ್ಲಿ ಗೋವಾದಲ್ಲಿ ಕಾಂಗ್ರೆಸ್ಸಿನ 15ರಲ್ಲಿ 10 ಜನ ಬಿಜೆಪಿಗೆ ಹೋಗಿದ್ದು, ಅದೇ ವರ್ಷ ರಾಜಸ್ಥಾನದಲ್ಲಿ ಬಿಎಸ್ಪಿಯ ಆರಕ್ಕೆ ಆರೂ ಜನ ಕಾಂಗ್ರೆಸ್ಸಿಗೆ ಹೋಗಿದ್ದು ಇದೇ ಬಾಗಿಲಿಂದ.

ಈಗ ಈ ಕಾಯ್ದೆ ಏನು ಮಾಡ್ತು ನೋಡಿ. ಒಂದು ವಿಧೇಯಕದ ಮೇಲೆ ಆತ್ಮಸಾಕ್ಷಿಯಿಂದ ಇಲ್ಲ ಅನ್ನೋ ಶಾಸಕನ ಬಾಯಿಗೆ ಬೀಗ ಹಾಕ್ತು. ಆದ್ರೆ ಸರ್ಕಾರನೇ ಬೀಳಿಸಬೇಕು ಅಂತ ಹೊರಟವನಿಗೆ ದಾರಿ ಬಿಟ್ಟಿತು, ರಾಜೀನಾಮೆ ಅನ್ನೋ ದಾರಿ. ರಾಜೀನಾಮೆ ಕೊಟ್ಟರೆ ಸದನದ ಸಂಖ್ಯೆನೇ ಇಳಿಯತ್ತೆ, ಬಹುಮತದ ಗೆರೆನೂ ಇಳಿಯತ್ತೆ, ಆಮೇಲೆ ಉಪಚುನಾವಣೆಯಲ್ಲಿ ಹೊಸ ಪಾರ್ಟಿ ಟಿಕೆಟ್ ಮೇಲೆ ಬರೋದು. ನಮ್ಮಲ್ಲಿ 2008ರಲ್ಲೇ ಇದನ್ನ ಮಾಡಿ ತೋರಿಸಿದ್ರು, 110 ಸೀಟು ಬಂದಿದ್ದ ಬಿಜೆಪಿಗೆ ಮೂರು ಕಮ್ಮಿ ಬಿದ್ದಾಗ. ಅದಕ್ಕೆ ಆಪರೇಷನ್ ಕಮಲ ಅಂತ ಹೆಸರೂ ಬಂತು. 2019ರಲ್ಲಿ ಮತ್ತೆ ಆಯ್ತು. ಜುಲೈ 23ಕ್ಕೆ ಸಾಲು ಸಾಲಾಗಿ ತಲೆ ಎಣಿಸಿದಾಗ ಕುಮಾರಸ್ವಾಮಿ ಸರ್ಕಾರದ ಪರ 99, ವಿರುದ್ಧ 105. ಸ್ಪೀಕರ್ ರಮೇಶ್ ಕುಮಾರ್ ರಾಜೀನಾಮೆ ಕೊಟ್ಟವರೂ ಸೇರಿ 17 ಜನರನ್ನ ಅನರ್ಹ ಮಾಡಿ, ಆ ವಿಧಾನಸಭೆ ಅವಧಿ ಮುಗಿಯೋವರೆಗೂ ನಿಲ್ಲೋ ಹಾಗಿಲ್ಲ ಅಂದ್ರು. ಸುಪ್ರೀಂ ಕೋರ್ಟು ನವೆಂಬರ್ 13ಕ್ಕೆ ಅನರ್ಹತೆ ಸರಿ, ಆದ್ರೆ ಅವಧಿ ಹಾಕೋ ಅಧಿಕಾರ ಸ್ಪೀಕರ್‌ಗಿಲ್ಲ, ಚುನಾವಣೆಗೆ ನಿಲ್ಲಬಹುದು ಅಂತು. ಡಿಸೆಂಬರ್ 5ಕ್ಕೆ 15 ಕ್ಷೇತ್ರಕ್ಕೆ ಓಟು, 12 ಬಿಜೆಪಿಗೆ. ಬರೀ ಐದು ತಿಂಗಳಲ್ಲಿ ಎಲ್ಲಾ ಮುಗಿದೇ ಹೋಯ್ತು.

ಹಾಗಾಗಿ ನಿಮ್ಮ ಓಟು ಎಲ್ಲಿ ಹೋಯ್ತು ಅನ್ನೋ ಪ್ರಶ್ನೆಗೆ ಮುಚ್ಚುಮರೆ ಇಲ್ಲದೆ ಹೇಳ್ತೀನಿ, ನಿಮಗೆ ಇಷ್ಟ ಆಗ್ದೇ ಇರಬಹುದು. ನಿಮ್ಮ ಓಟನ್ನ ಎರಡು ಸಲ ಎಣಿಸಿದಾರೆ. ಮೊದಲನೇ ಸಲ ನಿಮ್ಮ ಪಾರ್ಟಿ ಗೆಲ್ತು, ಎರಡನೇ ಸಲ ಸೋಲ್ತು. ಮಧ್ಯೆ ಅನ್ಯಾಯ ಆಗಿದೆ, ಒಪ್ಕೊಳ್ತೀನಿ, 2018ರಲ್ಲಿ ನೀವು ಕೊಟ್ಟ ತೀರ್ಪನ್ನ ನಿಮ್ಮನ್ನ ಕೇಳದೆ ಮುರಿದ್ರು. ಆದ್ರೆ ಅವರನ್ನ ವಾಪಸ್ ಕಳಿಸಿದ್ದು ನಿಮ್ಮ ಬೀದಿಯವರೇ. ಅವರು ಯಾಕೆ ಹಂಗೆ ಮಾಡಿದ್ರು ಅಂತ ಕೋಪ ಬಿಟ್ಟು ಯೋಚನೆ ಮಾಡಿ. ಎಲ್ಲರೂ ದುಡ್ಡು ತಗೊಂಡ್ರು ಅನ್ನೋದು ಸುಲಭದ ಮಾತು, ಪೂರ್ತಿ ನಿಜ ಅಲ್ಲ. ನಮ್ಮ ಜನಕ್ಕೆ ಎಂಎಲ್ಎ ಅಂದ್ರೆ ಕಾಯ್ದೆ ಮಾಡೋರು ಅಲ್ಲವೇ ಅಲ್ಲ, ಅನುದಾನ ತರೋರು. ಸರ್ಕಾರದ ಕಡೆ ಇದ್ರೆ ರಸ್ತೆ ಬರತ್ತೆ, ಕೆರೆ ತುಂಬತ್ತೆ, ಮಗನ ಟ್ರಾನ್ಸ್‌ಫರ್ ಆಗತ್ತೆ, ಎದುರಿಗಿದ್ರೆ ಬರಲ್ಲ. ಈ ಲೆಕ್ಕ ತಪ್ಪೂ ಅಲ್ಲ, ವಿರೋಧ ಪಕ್ಷದ ಕ್ಷೇತ್ರಕ್ಕೆ ದುಡ್ಡು ಬಿಗಿ ಹಿಡಿಯೋದು ಎಲ್ಲಾ ಸರ್ಕಾರದ ಕಾಲದಲ್ಲೂ ಕೇಳಿ ಬಂದಿರೋ ದೂರೇ. ಎಲ್ಲಿವರೆಗೂ ಅನುದಾನದ ಕೀಲಿ ಮಂತ್ರಿ ಕೈಯಲ್ಲಿರತ್ತೋ ಅಲ್ಲಿವರೆಗೂ ಪಕ್ಷಾಂತರಿಗೆ ಓಟು ಬೀಳತ್ತೆ. ಜಿಲ್ಲಾ ಪಂಚಾಯ್ತಿ ಗಟ್ಟಿ ಇದ್ದಿದ್ರೆ ರಸ್ತೆಗೆ ಎಂಎಲ್ಎ ಮನೆ ಬಾಗಿಲು ಕಾಯ್ಬೇಕಿರಲಿಲ್ಲ. ಅದನ್ನೂ ನಾವು ಬಿಟ್ಟಿದೀವಿ, 2021ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆನೇ ಮಾಡ್ಲಿಲ್ಲ, ಮಧ್ಯೆ ಸರ್ಕಾರ ಬದಲಾಯ್ತು, ಅದು ಬದಲಾಗ್ಲಿಲ್ಲ. ದೇಶಕ್ಕೆ 73ನೇ ತಿದ್ದುಪಡಿ ಬರೋದಕ್ಕೆ ಹತ್ತು ವರ್ಷ ಮೊದಲೇ, 1983ರಲ್ಲೇ, ಪಂಚಾಯ್ತಿಗೆ ಅಧಿಕಾರ ಕೊಟ್ಟು ಕಾಯ್ದೆ ಮಾಡಿದ ನಜೀರ್ ಸಾಬ್ ಅವರ ರಾಜ್ಯ ಇದು. ಹೊಟ್ಟೆ ಉರಿಯತ್ತೆ.

36 ಪರ್ಸೆಂಟಿನ ವಿಷಯ ಬಂದ್ರೆ, ನಿಮ್ಮ ಮಕ್ಕಳಿಗೆ ಬೋರ್ಡ್ ಮೇಲೆ ಬರೆದು ತೋರಿಸೋಕೆ ನಮ್ಮ ರಾಜ್ಯದಷ್ಟು ಒಳ್ಳೇ ಉದಾಹರಣೆ ಸಿಗಲ್ಲ. 2013ರಲ್ಲಿ ಕಾಂಗ್ರೆಸ್ಸಿಗೆ ಶೇ. 36 ಚಿಲ್ಲರೆ ಓಟು, ಸೀಟು 122. 2018ರಲ್ಲಿ ಬಿಜೆಪಿಗೆ ಶೇ. 36 ಚಿಲ್ಲರೆ, ಸೀಟು 104, ಅವತ್ತು ಕಾಂಗ್ರೆಸ್ಸಿಗೆ ಅದಕ್ಕಿಂತ ಜಾಸ್ತಿ, ಶೇ. 38 ಓಟು ಬಂದಿದ್ರೂ ಸೀಟು ಮಾತ್ರ 80. 2023ರಲ್ಲಿ ಬಿಜೆಪಿಗೆ ಮತ್ತೆ ಅದೇ ಶೇ. 36, ಸೀಟು 66. ಅಂದ್ರೆ ಒಂದೇ 36 ಒಬ್ಬರಿಗೆ ಸಿಂಹಾಸನ, ಇನ್ನೊಬ್ಬರಿಗೆ ಅರ್ಧ ದಾರಿ, ಮತ್ತೊಮ್ಮೆ ವಿರೋಧ ಪಕ್ಷದ ಬೆಂಚು. ಇದು ಮೋಸ ಅಲ್ಲ, ಇವಿಎಂ ಕೈವಾಡನೂ ಅಲ್ಲ, ಕ್ಷೇತ್ರದಲ್ಲಿ ಒಂದು ಓಟು ಜಾಸ್ತಿ ಬಂದವನು ಗೆದ್ದ ಅನ್ನೋ ಪದ್ಧತಿಯ ಗುಣ. ಎದುರಾಳಿಗಳ ಓಟು ಒಡೆದ್ರೆ 36 ಸಾಕು, ಕೂಡಿದ್ರೆ ಸಾಲಲ್ಲ. ಈ ಪದ್ಧತಿಯ ತವರುಮನೆ ಬ್ರಿಟನ್ನಲ್ಲೂ ಇದೇ, 2024ರಲ್ಲಿ ಲೇಬರ್ ಪಾರ್ಟಿ ಶೇ. 33.7 ಓಟಿಗೆ 650ರಲ್ಲಿ 411 ಸೀಟು ತಗೊಳ್ತು.

ಬದಲಿ ದಾರಿ ಇದೆ. ಓಟಿನ ಪ್ರಮಾಣಕ್ಕೆ ತಕ್ಕಷ್ಟು ಸೀಟು ಕೊಡೋ ಪದ್ಧತಿ ಯುರೋಪಿನ ಎಷ್ಟೋ ದೇಶದಲ್ಲಿದೆ. ನ್ಯಾಯವಾಗಿ ಕಾಣತ್ತೆ, ಆದ್ರೆ ಅಪಾಯನೂ ತಿಳ್ಕೊಂಡಿರಿ. ಸಣ್ಣ ಸಣ್ಣ ಪಾರ್ಟಿ ಜಾಸ್ತಿ ಆಗಿ ಸರ್ಕಾರ ಕಟ್ಟೋದೇ ಕಷ್ಟ ಆಗಬಹುದು, ಬೆಲ್ಜಿಯಂ 2010ರ ಚುನಾವಣೆ ಆದ್ಮೇಲೆ 541 ದಿನ ಹೊಸ ಸರ್ಕಾರ ಇಲ್ಲದೆ ಇತ್ತು, ಇಸ್ರೇಲ್ 2019ರಿಂದ 2022ರೊಳಗೆ ಐದು ಸಲ ಚುನಾವಣೆ ಮಾಡ್ತು. ಜರ್ಮನಿಯವರು ಎರಡನ್ನೂ ಬೆರೆಸಿದಾರೆ, ಒಂದು ಓಟು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಾರ್ಟಿಗೆ. ಅವರ ಇನ್ನೊಂದು ನಿಯಮ ನನಗೆ ಬಹಳ ಇಷ್ಟ, ಸಂವಿಧಾನದ 67ನೇ ವಿಧಿ. ಇರೋ ಪ್ರಧಾನಿನ ಇಳಿಸಬೇಕಾದ್ರೆ ಮುಂದಿನವರು ಯಾರು ಅಂತ ಅದೇ ಓಟಿನಲ್ಲಿ ಆರಿಸಲೇಬೇಕು, ಬರೀ ಬೀಳಿಸೋ ಹಾಗಿಲ್ಲ. 1982ರಲ್ಲಿ ಶ್ಮಿಟ್ ಹೋಗಿ ಕೋಲ್ ಬಂದಿದ್ದು ಹಂಗೇ. ನಮ್ಮಲ್ಲಿ ಶಾಸಕರನ್ನ ಬಚ್ಚಿಡೋ ರೆಸಾರ್ಟ್ ಬಾಗಿಲು ಮುಚ್ಚೋಕೆ ಇದೊಂದೇ ಸಾಲಲ್ಲ, ಆದ್ರೆ "ಮೊದಲು ಬೀಳಿಸೋಣ, ಆಮೇಲೆ ನೋಡೋಣ" ಅನ್ನೋ ಆಟಕ್ಕೆ ಲಗಾಮು ಬೀಳತ್ತೆ.

ಈಗ ಆ ಹುಡುಗನ ಹತ್ರ ಬರೋಣ. ಅವನನ್ನ ಬೈಬೇಡಿ. ಅವನು ಕೇಳಿದ್ದನ್ನ ಸಂವಿಧಾನ ಬರೆದವರೂ ಕೇಳ್ಕೊಂಡಿದ್ರು. 1948ರ ನವೆಂಬರ್ 4ಕ್ಕೆ ಕರಡು ಮಂಡಿಸ್ತಾ ಅಂಬೇಡ್ಕರ್ ಇದೇ ವಿಷಯ ಎತ್ತಿದ್ರು. ಸ್ಥಿರತೆ ಬೇಕು, ಜವಾಬ್ದಾರಿನೂ ಬೇಕು, ಎರಡೂ ಸಮ ಸಮ ಕೊಡೋ ವ್ಯವಸ್ಥೆ ಇನ್ನೂ ಯಾರಿಗೂ ಸಿಕ್ಕಿಲ್ಲ, ಅಮೆರಿಕದ್ದು ಸ್ಥಿರತೆ ಜಾಸ್ತಿ ಕೊಡತ್ತೆ, ಬ್ರಿಟನ್ನಿನದು ಜವಾಬ್ದಾರಿ ಜಾಸ್ತಿ ಕೊಡತ್ತೆ, ನಾವು ಜವಾಬ್ದಾರಿ ಕಡೆಗೆ ವಾಲಿದೀವಿ ಅನ್ನೋದು ಅವರ ಮಾತಿನ ತಾತ್ಪರ್ಯ. ಅಲ್ಲಿ ಸರ್ಕಾರದ ಲೆಕ್ಕ ಕೇಳೋದು ಚುನಾವಣೆಗೊಂದು ಸಲ, ಇಲ್ಲಿ ಚುನಾವಣೆಗೂ ಕೇಳ್ತೀವಿ, ದಿನಾ ಸದನದಲ್ಲೂ ಕೇಳ್ತೀವಿ, ಪ್ರಶ್ನೆ, ನಿಲುವಳಿ ಸೂಚನೆ, ಅವಿಶ್ವಾಸ, ಚರ್ಚೆ ಮೂಲಕ. ನಿಮ್ಮ ಹುಡುಗನಿಗೆ ಹಿಂಗೆ ಹೇಳಿ: ಅವರಪ್ಪನ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಲೆಕ್ಕ ದಿನಾ ರಾತ್ರಿ ನೋಡ್ತಾರಾ ಇಲ್ಲ ಐದು ವರ್ಷಕ್ಕೊಂದ್ಸಲನಾ? ಆ 224 ಜನ ಇರೋದು ದಿನದ ಲೆಕ್ಕ ನೋಡೋಕೆ. ಅವರು ನೋಡ್ತಿಲ್ಲ ಅನ್ನೋದು ನಿಜವಾದ ದೂರು, ಅದಕ್ಕೆ ಲೆಕ್ಕನೇ ಬೇಡ ಅನ್ನೋದು ಮದ್ದಲ್ಲ.

ಗಟ್ಟಿ ಲೀಡರ್ ಒಬ್ಬರೇ ತೀರ್ಮಾನ ಮಾಡಿದ್ರೆ ಏನಾಗಬಹುದು ಅನ್ನೋದಕ್ಕೆ ಪಕ್ಕದ ಶ್ರೀಲಂಕಾ ನೋಡಿ, ಹಳ್ಳಿ ಮಕ್ಕಳಿಗೆ ತಕ್ಷಣ ಅರ್ಥ ಆಗತ್ತೆ. ಅಲ್ಲಿ 1978ರಿಂದ ಅಧ್ಯಕ್ಷರಿಗೇ ಹೆಚ್ಚು ಅಧಿಕಾರ. 2020ರ ಅಕ್ಟೋಬರ್‌ನಲ್ಲಿ 20ನೇ ತಿದ್ದುಪಡಿ ಮಾಡಿ ಅಧ್ಯಕ್ಷ ಗೋಟಬಯ ರಾಜಪಕ್ಸ ಕೈ ಇನ್ನಷ್ಟು ಬಲ ಮಾಡಿದ್ರು. 2021ರ ಬೇಸಿಗೆಯಲ್ಲಿ ರಾಸಾಯನಿಕ ಗೊಬ್ಬರದ ಆಮದು ಏಕಾಏಕಿ ನಿಲ್ಲಿಸಿದ್ರು, ದೇಶ ಪೂರ್ತಿ ಸಾವಯವ ಆಗ್ಬೇಕು ಅಂತ. ರೈತರು, ಕೃಷಿ ವಿಜ್ಞಾನಿಗಳು ಬೇಡ ಬೇಡ ಅಂದ್ರು, ಆ ಮಾತಿಗೆ ಬಲ ಕೊಡೋ ಅಂಥ ಸದನ ಇರಲಿಲ್ಲ. ಭತ್ತ ಬಿತ್ತು, ಟೀ ಬಿತ್ತು, ನವೆಂಬರ್‌ಗೆ ಆದೇಶ ವಾಪಸ್ ಬಂತು, ಅಷ್ಟರಲ್ಲಿ ಬೆಳೆ ಹೋಗಿತ್ತು. ಸಾಲ, ತೆರಿಗೆ ಕಡಿತ, ಕೊರೋನಾದಲ್ಲಿ ಟೂರಿಸಂ ನಿಂತಿದ್ದು ಎಲ್ಲಾ ಸೇರಿ 2022ರ ಜುಲೈನಲ್ಲಿ ಅಧ್ಯಕ್ಷರೇ ದೇಶ ಬಿಟ್ಟು ಹೋದ್ರು. ಗೊಬ್ಬರ ಒಂದೇ ಕಾರಣ ಅಲ್ಲ, ಆದ್ರೆ ಆ ಒಂದು ಆದೇಶ ಒಂದು ವಾರ ಯಾವುದಾದ್ರೂ ಸಮಿತಿಯ ಮುಂದೆ ಕೂತಿದ್ರೆ ಹಂಗೇ ಪಾಸ್ ಆಗ್ತಿತ್ತಾ ಅಂತ ನಾನು ಎಷ್ಟೋ ಸಲ ಯೋಚಿಸಿದೀನಿ.

ನಮ್ಮ ವ್ಯವಸ್ಥೆ ಚೆನ್ನಾಗಿ ನಡೆದ ದಿನಗಳನ್ನೂ ಮಕ್ಕಳಿಗೆ ಹೇಳಿ, ಬರೀ ಕಾಯಿಲೆ ಹೇಳಬೇಡಿ. 1999ರ ಏಪ್ರಿಲ್ 17ಕ್ಕೆ ವಾಜಪೇಯಿ ಸರ್ಕಾರ 269ಕ್ಕೆ 270, ಒಂದೇ ಒಂದು ಓಟಿನಲ್ಲಿ ಸೋಲ್ತು, ಅವತ್ತೇ ರಾಜೀನಾಮೆ ಕೊಟ್ರು. ಜಗತ್ತಿನ ಎಷ್ಟು ದೇಶದಲ್ಲಿ ಒಂದು ಓಟಿಗೆ ಪ್ರಧಾನಿ ಎದ್ದು ಹೋಗ್ತಾರೆ? ನಮ್ಮ ರಾಜ್ಯದಲ್ಲಿ 1984ರ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ 28ರಲ್ಲಿ ನಾಲ್ಕೇ ಸೀಟು ಬಂದಾಗ ರಾಮಕೃಷ್ಣ ಹೆಗಡೆಯವರು ಜನ ನಮ್ಮ ಮೇಲೆ ಭರವಸೆ ಕಳ್ಕೊಂಡಿದಾರೆ ಅಂತ ರಾಜೀನಾಮೆ ಕೊಟ್ಟು ಮತ್ತೆ ಜನರ ಹತ್ರ ಹೋದ್ರು, ಯಾವ ಕಾನೂನೂ ಹಂಗೆ ಮಾಡು ಅಂದಿರಲಿಲ್ಲ. 1985ರಲ್ಲಿ 139 ಸೀಟಿನೊಂದಿಗೆ ವಾಪಸ್ ಬಂದ್ರು. ಇನ್ನು ಬೊಮ್ಮಾಯಿ ಕೇಸು ನೀವೇ ಪಾಠ ಮಾಡಿರ್ತೀರ, 1989ರಲ್ಲಿ ನಮ್ಮ ರಾಜ್ಯದ ಬೊಮ್ಮಾಯಿ ಸರ್ಕಾರನ ರಾಜ್ಯಪಾಲರ ವರದಿ ಮೇಲೆ ವಜಾ ಮಾಡಿದ್ರು, 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳ ಪೀಠ ಬಹುಮತ ಎಣಿಸೋ ಜಾಗ ರಾಜಭವನ ಅಲ್ಲ, ಸದನ ಅಂತು. ಇವತ್ತು ಯಾವ ರಾಜ್ಯದಲ್ಲಿ ಬಹುಮತ ಸಾಬೀತು ಅಂದ್ರೂ ಈ ಕನ್ನಡಿಗರ ಕೇಸೇ ಎತ್ತೋದು.

ಇನ್ನು ರಿಪೇರಿ. ನನ್ನ ಕೇಳಿದ್ರೆ ಮೊದಲು ಮಾಡಬೇಕಾದ್ದು ವಿಪ್ ಸಡಿಲ ಮಾಡೋದು. ಸರ್ಕಾರ ಉಳಿಯತ್ತಾ ಬೀಳತ್ತಾ ಅನ್ನೋ ವಿಶ್ವಾಸಮತದ ಓಟಿಗೆ, ಹಣಕಾಸಿನ ಓಟಿಗೆ ಮಾತ್ರ ವಿಪ್ ಕಡ್ಡಾಯ ಇರಲಿ, ಉಳಿದ ವಿಧೇಯಕಕ್ಕೆ ಶಾಸಕ ತನ್ನ ಬುದ್ಧಿಗೆ ತೋಚಿದ ಹಾಗೆ ಓಟು ಹಾಕ್ಲಿ. 1990ರಲ್ಲೇ ಚುನಾವಣಾ ಸುಧಾರಣೆಯ ದಿನೇಶ್ ಗೋಸ್ವಾಮಿ ಸಮಿತಿ ಹೆಚ್ಚುಕಮ್ಮಿ ಇದನ್ನೇ ಹೇಳಿತ್ತು, ಯಾರೂ ಮುಟ್ಟಲಿಲ್ಲ, ಯಾಕಂದ್ರೆ ವಿಪ್ ಎಲ್ಲಾ ಪಾರ್ಟಿ ನಾಯಕರಿಗೂ ಬೇಕು. ಬ್ರಿಟನ್ನಿನಲ್ಲಿ 2019ರ ಜನವರಿ 15ಕ್ಕೆ ಪ್ರಧಾನಿ ಥೆರೆಸಾ ಮೇ ಅವರ ಬ್ರೆಕ್ಸಿಟ್ ಒಪ್ಪಂದ, ಅಂದ್ರೆ ಯುರೋಪ್ ಒಕ್ಕೂಟ ಬಿಡೋ ಒಪ್ಪಂದ, 202ಕ್ಕೆ 432 ಓಟಿನಲ್ಲಿ ಸೋಲ್ತು, ಅವರದೇ ಪಾರ್ಟಿಯ 118 ಎಂಪಿಗಳು ವಿರುದ್ಧ ಹಾಕಿದ್ರು, ಒಬ್ಬರ ಸೀಟೂ ಹೋಗಲಿಲ್ಲ. ಪಾರ್ಟಿ ಶಿಸ್ತು ಕ್ರಮ ಬೇರೆ, ಜನ ಕೊಟ್ಟ ಸೀಟು ಬೇರೆ. ಅಪಾಯ ಇಲ್ವಾ? ಇದೆ. ಒಂದೊಂದು ವಿಧೇಯಕಕ್ಕೂ ಓಟು ಖರೀದಿ ಮಾಡೋಕೆ ದುಡ್ಡಿನ ಕುಳಗಳು ಬರಬಹುದು. ಆದ್ರೆ ಬಹಿರಂಗ ಓಟಿನಲ್ಲಿ ಯಾರು ಏನು ಹಾಕಿದ್ರು ಅಂತ ಹೆಸರು ಸಮೇತ ದಾಖಲಾಗತ್ತೆ, ಕ್ಷೇತ್ರದ ಜನ ಕೇಳ್ತಾರೆ. ಧ್ವನಿಮತದ ನಾಲ್ಕು ಹೌದುಗಳಲ್ಲಿ ಯಾರ ಹೆಸರೂ ಇರಲ್ಲ, ಬರೆದವನು ನಾನೇ.

ಎರಡನೇದು ಅನರ್ಹತೆ ತೀರ್ಮಾನ ಸ್ಪೀಕರ್ ಕೈಯಿಂದ ತೆಗೆಯೋದು. ನಾನು ಪೀಠಕ್ಕೆ ತಲೆ ಬಾಗಿಯೇ ಕೆಲಸ ಮಾಡಿದವನು, ಆದ್ರೆ ಸ್ಪೀಕರ್ ಬರೋದು ಒಂದು ಪಾರ್ಟಿಯಿಂದ, ಮುಂದೆ ಹೋಗೋದೂ ಟಿಕೆಟ್ ಕೇಳ್ಕೊಂಡು ಅದೇ ಪಾರ್ಟಿಗೆ. 2010ರಲ್ಲಿ ನಮ್ಮ ವಿಧಾನಸಭೆಯಲ್ಲಿ ವಿಶ್ವಾಸಮತದ ಮುಂಚೆ ಬಿಜೆಪಿಯ 11, ಪಕ್ಷೇತರರು 5 ಜನರನ್ನ ಅನರ್ಹ ಮಾಡಿದ್ರು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನ ರದ್ದು ಮಾಡ್ತು, ಆದ್ರೆ ಅಷ್ಟರಲ್ಲಿ ಓಟು ಮುಗಿದು ಸರ್ಕಾರ ಉಳಿದಿತ್ತು. ಬೇರೆ ರಾಜ್ಯಗಳಲ್ಲಿ ಉಲ್ಟಾ, ಅರ್ಜಿ ಮೇಲೆ ವರ್ಷಗಟ್ಟಲೆ ಕೂತುಬಿಡೋದು. 2020ರಲ್ಲಿ ಮಣಿಪುರದ ಕೇಸಿನಲ್ಲಿ ಸುಪ್ರೀಂ ಕೋರ್ಟು ಮಾಮೂಲಿಯಾಗಿ ಮೂರು ತಿಂಗಳಲ್ಲಿ ತೀರ್ಮಾನ ಆಗ್ಬೇಕು, ಸ್ವತಂತ್ರ ಟ್ರಿಬ್ಯೂನಲ್ ಮಾಡೋದನ್ನ ಸಂಸತ್ತು ಯೋಚಿಸಲಿ ಅಂತು. ಇವತ್ತಿಗೂ ಆ ಮಾತು ಅಲ್ಲೇ ಇದೆ.

ರಾಜೀನಾಮೆ ಕೊಟ್ಟು ಪಾರ್ಟಿ ಬದಲಾಯಿಸಿದವರು ಆ ಅವಧಿ ಮುಗಿಯೋವರೆಗೂ ನಿಲ್ಲಬಾರದು ಅನ್ನೋ ಸಲಹೆ ನಿಮಗೆ ಬಹಳ ಹಿಡಿಸಬಹುದು, ನನಗೂ ಅರ್ಧ ಮನಸ್ಸಿದೆ. ಆದ್ರೆ ತನ್ನ ಪಾರ್ಟಿ ಕೆಟ್ಟು ಹೋಯ್ತು ಅಂತ ನಿಜವಾಗಿ ನೊಂದು ಹೊರಗೆ ಬಂದು ಜನರ ಮುಂದೆ ಹೋಗೋನಿಗೂ ಅದೇ ಶಿಕ್ಷೆ ಆಗತ್ತೆ. ಅವನನ್ನೂ ಇವನನ್ನೂ ಕಾಗದದ ಮೇಲೆ ಬೇರೆ ಮಾಡೋದು ಕಷ್ಟ. ಮಂತ್ರಿಗಿರಿ ಮತ್ತೆ ನಿಗಮ ಮಂಡಳಿ ಅಧ್ಯಕ್ಷಗಿರಿ ಆ ಅವಧಿಗೆ ಸಿಗದ ಹಾಗೆ ಮಾಡಿದ್ರೆ ಸಾಕು ಅನ್ಸತ್ತೆ. ಈಗ ಇರೋ ನಿಯಮದಲ್ಲಿ ಅನರ್ಹ ಆದವನು ಮತ್ತೆ ಗೆದ್ದ ದಿನವೇ ಮಂತ್ರಿ ಆಗಬಹುದು, ಆಸೆ ಇರೋದು ಅಲ್ಲಿ. ನಮ್ಮಲ್ಲಿ ಮಂತ್ರಿಗಳಿಗೆ ಶೇ. 15ರ ಮಿತಿ ಇದೆ, ಅಂದ್ರೆ 34 ಜನ, ಆದ್ರೆ ನಿಗಮ ಮಂಡಳಿಗೆ ಆ ಮಿತಿ ಇಲ್ಲ. ಆಡಳಿತ ಪಕ್ಷದ ಅಷ್ಟೊಂದು ಶಾಸಕರಿಗೆ ಸರ್ಕಾರದ ಕಾರು ಕೊಟ್ಟ ಮೇಲೆ ಸರ್ಕಾರನ ಪ್ರಶ್ನೆ ಕೇಳೋಕೆ ಹಿಂದಿನ ಬೆಂಚಲ್ಲಿ ಉಳಿಯೋರು ಯಾರು?

ನೀವು, ನಾನು ಸಂವಿಧಾನ ತಿದ್ದೋಕೆ ಆಗಲ್ಲ, ಸರಿ. ಆದ್ರೆ ಕೈಗೆ ಸಿಗೋ ಒಂದು ಕೆಲಸ ಇದೆ. ಹಾಸ್ಟೆಲ್ ಬಗ್ಗೆ ಕೇಳಿದ ಶಾಸಕ ಅಂದ್ನಲ್ಲ, ಅವರು ಮೊದಲ ಸಲ ಗೆದ್ದವರು. ಮಂತ್ರಿಗಳು "ಉತ್ತರವನ್ನು ಒದಗಿಸಲಾಗಿದೆ" ಅಂದು ಕೂತ್ರು. ಇವರು ಬಿಡಲಿಲ್ಲ, ಉಪಪ್ರಶ್ನೆ ಹಾಕಿದ್ರು, ನೂರಾ ಇಪ್ಪತ್ತು ಹೆಣ್ಣುಮಕ್ಕಳಿಗೆ ಎರಡು ಬಾತ್‌ರೂಮು, ಅದರಲ್ಲಿ ಒಂದಕ್ಕೆ ಬಾಗಿಲಿಲ್ಲ, ನಿಮ್ಮ ಉತ್ತರದಲ್ಲಿ ಮೂಲಸೌಕರ್ಯ ಸಮರ್ಪಕ ಅಂತಿದೆ, ಬಾಗಿಲಿಲ್ಲದ್ದು ಹೇಗೆ ಸಮರ್ಪಕ ಅಂದ್ರು. ಸದನ ಒಂದು ಕ್ಷಣ ಸುಮ್ಮನಾಯ್ತು. ಅಧಿಕಾರಿಗಳ ಗ್ಯಾಲರಿಯಲ್ಲಿ ಚೀಟಿ ಓಡಾಡಿದವು. ಮುಂದಿನ ಅಧಿವೇಶನದಲ್ಲಿ ಅವರೇ ನನ್ನ ಮೇಜಿನ ಹತ್ರ ಬಗ್ಗಿ, ಬಾಗಿಲು ಹಾಕಿದ್ರು ಕಣ್ರೀ, ಇನ್ನೂ ನಾಲ್ಕು ಬಾತ್‌ರೂಮು ಕಟ್ತಾ ಇದಾರೆ ಅಂದ್ರು. ಆ ಪ್ರಶ್ನೆ ಅವರಿಗೆ ಸಿಕ್ಕಿದ್ದು ಒಬ್ಬ ಹೈಸ್ಕೂಲ್ ಟೀಚರ್ ಬರೆದ ಕಾರ್ಡಿನಿಂದ.

ಹಾಗಾಗಿ ನಿಮ್ಮ 9ನೇ ಕ್ಲಾಸಿನ ಮಕ್ಕಳ ಕೈಲಿ ನಿಮ್ಮೂರಿನ ಒಂದೊಂದು ಪ್ರಶ್ನೆ ಬರೆಸಿ. ಬಸ್ಸು, ನೀರು, ಶಾಲೆ ಕಾಂಪೌಂಡು, ಏನಾದ್ರೂ ಸರಿ, ಅಂಕಿ ಸಮೇತ ಇರಲಿ, ಎಷ್ಟು ಮಕ್ಕಳು, ಎಷ್ಟು ದಿನದಿಂದ ಅಂತ. ಗಟ್ಟಿಯಾಗಿರೋ ಎರಡು ಆರಿಸಿ ಎಂಎಲ್ಎಗೆ ಕೊಟ್ಟು, ಚುಕ್ಕೆ ಗುರುತಿನ ಪ್ರಶ್ನೆ ಮಾಡಿ ಹಾಕಿ ಅಂತ ಕೇಳಿ. ಚುಕ್ಕೆ ಇದ್ರೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಕೊಡಬೇಕು, ಉಪಪ್ರಶ್ನೆ ಹಾಕಬಹುದು, ಚುಕ್ಕೆ ಇಲ್ಲದಿದ್ರೆ ಕಾಗದದಲ್ಲಿ ಉತ್ತರ ಬಂದು ಮುಗಿಯತ್ತೆ. ನಿಮ್ಮ ಎಂಎಲ್ಎ ಯಾವ ಪಾರ್ಟಿಯಿಂದ ಯಾವ ಪಾರ್ಟಿಗೆ ಹೋಗಿದ್ರೂ ಸರಿ, ಇದು ಅವರ ಕೆಲಸ. ಆಮೇಲೆ ಮುಂದಿನ ಅಧಿವೇಶನಕ್ಕೆ ಮಕ್ಕಳನ್ನ ಕರ್ಕೊಂಡು ಹೋಗಿ, ಮಧ್ಯಾಹ್ನ ಬೇಡ, ಬೆಳಗ್ಗೆ ಪ್ರಶ್ನೋತ್ತರಕ್ಕೇ ಗ್ಯಾಲರಿಯಲ್ಲಿರೋ ಹಾಗೆ ಹೊರಡಿ, ಚಪ್ಪಾಳೆ ಹೊಡೆಸಿದ ಹುಡುಗನನ್ನ ಮುಂದಿನ ಸಾಲಲ್ಲಿ ಕೂರಿಸಿ. ಗ್ಯಾಲರಿ ಪಾಸಿಗೆ ಶಾಸಕರ ಪತ್ರ ತಗೊಂಡ್ರೆ ಸುಲಭ ಆಗತ್ತೆ, ಅದನ್ನ ಕೇಳೋಕೆ ಹೋದಾಗಲೇ ಅವರು ಈ ವರ್ಷ ಸದನದಲ್ಲಿ ಎಷ್ಟು ಪ್ರಶ್ನೆ ಕೇಳಿದಾರೆ ಅಂತಾನೂ ಕೇಳ್ಬಿಡಿ.